ತೊಗರಿಗೆ ಮೂರು ದರ, ಆಟಗಾರನಿಗೆ ಒಂದೇ ಏಕೆ?

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಇದೇ ಅಂಕಣದಲ್ಲಿ ಓದುಗರೊಬ್ಬರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರ ಸಂಬಳದ ಮೇಲೆ ಹರಿಹಾಯ್ದಿದ್ದರು. ಬಾಸ್ಟನ್ ತಂಡದ ಜೇಸನ್ ಟೇಟಮ್‌ಗೆ ಐದು ವರ್ಷಕ್ಕೆ 31.4 ಕೋಟಿ ಡಾಲರ್. ಚೆಂಡನ್ನು ಬುಟ್ಟಿಗೆ ಹಾಕುವುದಕ್ಕೆ ಇಷ್ಟು ದುಡ್ಡೇ, ಲೋಕಕ್ಕೆ ಹುಚ್ಚು ಹಿಡಿದಿದೆ ಎಂಬುದು ಅವರ ಪತ್ರದ ಸಾರ. ಅದನ್ನು ಎರಡು ಸಲ ಓದಿದೆ, ಪೆನ್ನು ಹಿಡಿದು ಕೂಡಿಸಿಯೂ ನೋಡಿದೆ. ಡಾಲರಿಗೆ 85 ರೂಪಾಯಿ ಹಿಡಿದರೆ 2,669 ಕೋಟಿ ರೂಪಾಯಿ ಆಗುತ್ತದೆ. ಲೆಕ್ಕ ಸರಿಯಾಗಿದೆ, ಪ್ರಶ್ನೆ ತಪ್ಪಾಗಿದೆ.

ನಾನು ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜ್‌ನಲ್ಲಿ, ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವ ಅಡತ್ ಅಂಗಡಿಯೊಂದರಲ್ಲಿ 34 ವರ್ಷ ಗುಮಾಸ್ತನಾಗಿದ್ದವನು. ಕಣ್ಣಿಗೆ ಪೊರೆ ಬಂದು ಖಾತೆಯ ಅಂಕಿಗಳು ಒಂದರ ಮೇಲೊಂದು ಕೂರತೊಡಗಿದಾಗ ಕೆಲಸ ಬಿಟ್ಟೆ. ಪೊರೆ ತೆಗೆಸಿಕೊಂಡ ಮೇಲೆ ಮೊಮ್ಮಗಳ ಜೊತೆ ಮೊಬೈಲ್‌ನಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ಆ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಪಂದ್ಯ ನೋಡುವುದು ರೂಢಿಯಾಯಿತು. ಅಲ್ಲಿಯ ರಾತ್ರಿಯ ಪಂದ್ಯ ನಮಗೆ ಬೆಳಗಿನ ಐದು, ಆರರ ಹೊತ್ತಿಗೆ ಬರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಮನುಷ್ಯ ನೆಮ್ಮದಿಯಿಂದ ಉಸಿರಾಡುವ ಹೊತ್ತೂ ಅದೇ. ಪಂದ್ಯ ಮುಗಿದ ಮೇಲೆ ಸುಸಲಾ, ಮಿರ್ಚಿ ತಿನ್ನುತ್ತಾ ಗಂಜ್‌ನ ಹಳೆಯ ಗೆಳೆಯರೊಡನೆ ಅದೇ ಮಾತು: ಯಾರಿಗೆ ಎಷ್ಟು ಕೊಟ್ಟರು, ಯಾರು ಅಷ್ಟಕ್ಕೆ ತಕ್ಕವನು, ಯಾರು ಅಲ್ಲ. ಬೇಳೆ ಗಿರಣಿಯ ಮಾಲೀಕರಿಂದ ಹಿಡಿದು ಹಮಾಲರವರೆಗೆ ಎಲ್ಲರಿಗೂ ಈ ವಿಷಯದಲ್ಲಿ ಅಭಿಪ್ರಾಯವಿದೆ. ಆಟ ನೋಡದವರಿಗೆ ಇನ್ನೂ ಗಟ್ಟಿಯಾದ ಅಭಿಪ್ರಾಯವಿದೆ.

ಸಂಬಳ ಎಂಬುದು ಮನುಷ್ಯನ ಯೋಗ್ಯತೆಗೆ ಕಟ್ಟಿದ ಬೆಲೆ ಎಂದು ಪತ್ರ ಬರೆದವರು ನಂಬಿದ್ದಾರೆ. ಗಂಜ್‌ನಲ್ಲಿ ಒಂದೇ ಒಂದು ಸುಗ್ಗಿ ಕಳೆದವರೂ ಹಾಗೆ ನಂಬಲಾರರು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಹಿಡಿಯಿತು, ದರ ನೆಲ ಕಚ್ಚಿತು. 2017ರ ಆರಂಭದಲ್ಲಿ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಾಗಿ ರೈತರು ಖರೀದಿ ಕೇಂದ್ರದ ಮುಂದೆ ಚೀಲ ಒಟ್ಟಿಕೊಂಡು ರಾತ್ರಿ ಕಳೆದರು. ಕಾಳು ಅದೇ, ನೆಲ ಅದೇ, ಬೆವರೂ ಅದೇ. ಬೇರೆಯಾದದ್ದು ತಾರೀಖು.

ಆ ಆಟದಲ್ಲೂ ಹೀಗೆಯೇ. ಡೆನ್ವರ್ ತಂಡದ ನಿಕೊಲಾ ಯೋಕಿಚ್ 2021, 2022, 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡವನು. 2014ರಲ್ಲಿ ಹೊಸಬರ ಆಯ್ಕೆ ನಡೆದಾಗ ಅವನ ಸರದಿ ಬಂದದ್ದು 41ನೆಯದಾಗಿ. 2022ರಲ್ಲಿ ಅವನು ಐದು ವರ್ಷಕ್ಕೆ ಸಹಿ ಹಾಕಿದ ಕರಾರು ಸುಮಾರು 27 ಕೋಟಿ ಡಾಲರಿನದು. ಆ ಪ್ರಶಸ್ತಿಯನ್ನು ಒಮ್ಮೆಯೂ ಪಡೆಯದ ಟೇಟಮ್‌ಗೆ 2024ರಲ್ಲಿ 31.4 ಕೋಟಿ. ಟೇಟಮ್ ಯೋಕಿಚ್‌ಗಿಂತ ಮೇಲು ಎಂದು ಯಾರೂ ಹೇಳುವುದಿಲ್ಲ, ಬಾಸ್ಟನ್‌ನಲ್ಲೂ ಹೇಳಲಿಕ್ಕಿಲ್ಲ. ಎರಡು ವರ್ಷ ತಡವಾಗಿ ಸಹಿ ಹಾಕಿದ, ಅಷ್ಟರಲ್ಲಿ ಪೇಟೆ ಏರಿತ್ತು.

ಪೇಟೆ ಏರುವ ಬಗೆಯನ್ನೂ ಹೇಳಬೇಕು. ಲೀಗ್‌ನಲ್ಲಿ 30 ತಂಡಗಳಿವೆ. ತಂಡವೊಂದು ಸಂಬಳಕ್ಕೆ ಇಷ್ಟರೊಳಗೆ ಖರ್ಚು ಮಾಡಬೇಕೆಂಬ ಮಿತಿಯನ್ನು ಪ್ರತಿ ವರ್ಷ ಲೀಗ್‌ನ ಆದಾಯ ನೋಡಿ ಹಾಕುತ್ತಾರೆ. 2025–26ಕ್ಕೆ ಅದು 15.46 ಕೋಟಿ ಡಾಲರ್. ಇದು ಗೋಡೆಯಲ್ಲ, ಮುಳ್ಳಿನ ಬೇಲಿ. ತನ್ನಲ್ಲೇ ಆಡುತ್ತಿರುವವನನ್ನು ಉಳಿಸಿಕೊಳ್ಳಲು ತಂಡ ಅದನ್ನು ದಾಟಬಹುದು, ತೀರ ದೂರ ಹೋದರೆ ದಂಡ ತೆರಬೇಕು. ಒಬ್ಬನೇ ಆಟಗಾರನಿಗೆ ಕೊಡಬಹುದಾದ ಮೊದಲ ವರ್ಷದ ಸಂಬಳಕ್ಕೂ ಮೇಲ್ಮಿತಿ ಇದೆ: ಎಷ್ಟು ವರ್ಷ ಆಡಿದ್ದಾನೆ ಎಂಬುದನ್ನು ನೋಡಿ, ತಂಡದ ಮಿತಿಯಲ್ಲಿ ನೂರಕ್ಕೆ 25, 30 ಅಥವಾ 35. ದೊಡ್ಡ ಪ್ರಶಸ್ತಿ ಗಿಟ್ಟಿಸಿದವರಿಗೆ ದೊಡ್ಡ ಪಾಲು ಸ್ವಲ್ಪ ಬೇಗ ಸಿಗುತ್ತದೆ. ಟೇಟಮ್‌ನ 31.4 ಕೋಟಿ ಹುಟ್ಟಿದ್ದು ಈ ಗುಣಾಕಾರದಿಂದ. ಯಾರೋ ಹುಚ್ಚ ಮಾಲೀಕ ಮನಸ್ಸಿಗೆ ಬಂದಷ್ಟು ಕೂಗಿದ ಸವಾಲಲ್ಲ ಅದು.

ಹಾಗೆಂದು ಅಲ್ಲಿ ಎಲ್ಲವೂ ವಿವೇಕದಿಂದ ನಡೆಯುತ್ತದೆ ಎಂದು ವಾದಿಸುವವನೂ ನಾನಲ್ಲ. 2016ರಲ್ಲಿ ಹೊಸ ಟಿವಿ ಒಪ್ಪಂದದ ಹಣ ಬಂದು ತಂಡದ ಮಿತಿ ಒಂದೇ ವರ್ಷದಲ್ಲಿ 7 ಕೋಟಿಯಿಂದ 9.41 ಕೋಟಿ ಡಾಲರಿಗೆ ಜಿಗಿಯಿತು. ಎಲ್ಲರ ಗಲ್ಲೆಯಲ್ಲೂ ಹಣ, ಒಳ್ಳೆಯ ಮಾಲು ಮಾತ್ರ ಎಂದಿನಷ್ಟೇ. ಲಾಸ್ ಏಂಜಲೀಸ್ ಲೇಕರ್ಸ್ ತಂಡ ತಿಮೊಫೆಯ್ ಮೊಜ್ಗೊವ್ ಎಂಬ ಸಾಧಾರಣ ಆಟಗಾರನಿಗೆ ನಾಲ್ಕು ವರ್ಷಕ್ಕೆ 6.4 ಕೋಟಿ, ವಯಸ್ಸು ಮೀರುತ್ತಿದ್ದ ಲುವೊಲ್ ಡೆಂಗ್‌ಗೆ 7.2 ಕೋಟಿ ಡಾಲರ್ ಬರೆದುಕೊಟ್ಟಿತು. ಡೆಂಗ್ 2017–18ರಲ್ಲಿ ಆಡಿದ್ದು ಒಂದೇ ಪಂದ್ಯ. ಆ ವರ್ಷದ ಸಂಬಳ ಪೂರ್ತಿ ಬಂತು. ಬೆಳಿಗ್ಗೆ ಕೈಯಲ್ಲಿ ನೋಟು ಹಿಡಿದು ಯಾರ್ಡಿಗೆ ಬರುವ ಹೊಸ ಖರೀದಿದಾರ ಹುಳುಕು ಕಾಳಿಗೂ ಮೇಲಿನ ದರ ಬರೆಯುವುದನ್ನು ನೋಡಿದವನಿಗೆ ಇದರಲ್ಲಿ ಅಚ್ಚರಿ ಇಲ್ಲ. ತಪ್ಪು ಖರೀದಿದಾರನದು. ಚೀಲವನ್ನು ಬೈದು ಫಲವೇನು?

ನನ್ನನ್ನು ಹೆಚ್ಚು ಕಾಡುವುದು ಇದರ ತಿರುವು ಮುರುವಾದ ಕಥೆ. ಶಿಕಾಗೊ ಬುಲ್ಸ್ ತಂಡದ ಸ್ಕಾಟಿ ಪಿಪ್ಪನ್ ಹನ್ನೆರಡು ಮಕ್ಕಳ ಬಡ ಮನೆಯ ಕೊನೆಯ ಮಗ. ತಂದೆಗೆ ಲಕ್ವ ಹೊಡೆದಿತ್ತು, ಅಣ್ಣನೊಬ್ಬ ಗಾಲಿಕುರ್ಚಿಯಲ್ಲಿದ್ದ. 1991ರಲ್ಲಿ ತಂಡ, ಇದ್ದ ಕರಾರು ಮುಗಿದ ಮೇಲೆ ಇನ್ನೂ ಐದು ವರ್ಷಕ್ಕೆ 1.8 ಕೋಟಿ ಡಾಲರ್ ಎಂದಿತು, ಅವನು ಸಹಿ ಹಾಕಿದ. ನಾಳೆ ಕಾಲು ಮುರಿದರೆ ಮನೆಯ ಗತಿಯೇನು ಎಂಬ ಹೆದರಿಕೆ. ನೀನು ಕಡಿಮೆಗೆ ಕೊಟ್ಟುಕೊಳ್ಳುತ್ತಿರಬಹುದು ಎಂದು ತಾನೇ ಎಚ್ಚರಿಸಿದ್ದೆನೆಂದು ಮಾಲೀಕ ಆಮೇಲೆ ಹೇಳಿಕೊಂಡ. ಎಚ್ಚರಿಸಿದ್ದೂ ನಿಜವಿರಬಹುದು, ಕಾಗದ ಮುಂದಿಟ್ಟದ್ದಂತೂ ನಿಜ. ಆ ಕರಾರು 1998ರವರೆಗೆ ಎಳೆಯಿತು. ಅಷ್ಟರಲ್ಲಿ ಬುಲ್ಸ್ ಆರು ಸಲ ಚಾಂಪಿಯನ್ ಆಯಿತು, ಪಿಪ್ಪನ್ ಜಗತ್ತಿನ ಮೊದಲ ಸಾಲಿನ ಆಟಗಾರನಾದ. 1997–98ರಲ್ಲಿ ಸಂಬಳದ ಪಟ್ಟಿಯಲ್ಲಿ ಅವನ ಸ್ಥಾನ ತಂಡದಲ್ಲಿ ಆರನೆಯದು, ಇಡೀ ಲೀಗ್‌ನಲ್ಲಿ 122ನೆಯದು.

ಈ ಕಥೆ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆಳಂದ ಕಡೆಯ ಒಬ್ಬ ರೈತ. ತೊಗರಿ ಹೊಲ ಇನ್ನೂ ಹಳದಿ ಹೂವಿನಲ್ಲಿ ನಿಂತಿರುವಾಗ ಅಂಗಡಿಗೆ ಬಂದ. ಮಗಳ ಮದುವೆ ಗೊತ್ತಾಗಿತ್ತು. ಗದ್ದುಗೆಯ ಅಂಚಿನಲ್ಲಿ ಕುಳಿತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಈಗಲೇ ದರ ಮುಗಿಸಿಬಿಡಿ ಸಾಹುಕಾರರೆ" ಎಂದ. ಸಾಹುಕಾರರು ಮುಗಿಸಿದರು. ಹಸಿರು ಶಾಯಿಯಲ್ಲಿ ಮುಂಗಡ ಬರೆದು, ಅವನ ಹೆಬ್ಬೆರಳಿಗೆ ಮಸಿ ಹಚ್ಚಿ, ಒತ್ತಿಸಿಕೊಂಡವನು ನಾನೇ. ಜನವರಿಯಲ್ಲಿ ಮಾಲು ಗಂಜ್‌ಗೆ ಬಂದಾಗ ಪೇಟೆ ಎಲ್ಲಿಗೋ ಹೋಗಿತ್ತು. ಪಕ್ಕದ ಲಾಟಿನ, ಅಂದರೆ ಇನ್ನೊಬ್ಬರ ರಾಶಿಯ ದರ ಕೂಗುತ್ತಿದ್ದರೆ ಅವನು ತನ್ನ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹಮಾಲರು ಚೀಲ ಹೊಲಿಯುವುದನ್ನೇ ನೋಡುತ್ತಾ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ನನಗೆ ಮರೆತುಹೋಗುತ್ತಿತ್ತೋ ಏನೋ.

ಪಿಪ್ಪನ್‌ಗೆ ಕೊನೆಗೂ ದೊಡ್ಡ ಹಣ ಸಿಕ್ಕಿತು. 1999ರ ಜನವರಿಯಲ್ಲಿ ಹ್ಯೂಸ್ಟನ್‌ಗೆ ಹೋದಾಗ ಐದು ವರ್ಷಕ್ಕೆ ಸುಮಾರು 6.7 ಕೋಟಿ ಡಾಲರ್. ಆದರೆ ಅಷ್ಟರಲ್ಲಿ ವಯಸ್ಸು 33 ದಾಟಿತ್ತು, ಬೆನ್ನು ಸೋತಿತ್ತು. ಆಗಿನ ಜನ ಅವನನ್ನು ದುಬಾರಿ ಎಂದು ಆಡಿಕೊಂಡರು. ಅಗ್ಗವಾಗಿದ್ದ ವರ್ಷಗಳಲ್ಲಿ ಯಾರೂ ಸಂಪಾದಕರಿಗೆ ಪತ್ರ ಬರೆದಿರಲಿಲ್ಲ.

ಅದೇ ತಂಡದ ಮೈಕಲ್ ಜೋರ್ಡನ್‌ಗೆ ಅದೇ 1997–98ರಲ್ಲಿ 3.31 ಕೋಟಿ ಡಾಲರ್. ಇಡೀ ತಂಡಕ್ಕೆ ಹಾಕಿದ್ದ ಮಿತಿ 2.69 ಕೋಟಿ! ಒಬ್ಬ ಮನುಷ್ಯ ಬೇಲಿಗಿಂತ ಎತ್ತರ ಬೆಳೆದ. ಇದನ್ನು ನೋಡಿ, ಜೊತೆಗೆ 21 ವರ್ಷದ ಕೆವಿನ್ ಗಾರ್ನೆಟ್ 12.6 ಕೋಟಿಯ ಕರಾರು ಪಡೆದದ್ದನ್ನೂ ನೋಡಿ ಮಾಲೀಕರು ಬೆಚ್ಚಿದರು, 1998ರಲ್ಲಿ ಲೀಗ್‌ಗೆ ಬೀಗ ಜಡಿದರು. 82 ಪಂದ್ಯಗಳ ಸೀಸನ್ 50ಕ್ಕೆ ಇಳಿಯಿತು. ಆ ಜಗಳ ಮುಗಿದಾಗ ಹುಟ್ಟಿದ್ದೇ ಒಬ್ಬೊಬ್ಬ ಆಟಗಾರನ ಮೇಲ್ಮಿತಿ. ಅಂದಿನಿಂದ ಅತ್ಯುತ್ತಮ ಆಟಗಾರನೂ ಅವನಿಗಿಂತ ನಾಲ್ಕು ಮೆಟ್ಟಿಲು ಕೆಳಗಿನವನೂ ಒಂದೇ ಸಂಬಳಕ್ಕೆ ಸಹಿ ಹಾಕಬಹುದು. ಮಿತಿಯಿಲ್ಲದ ಪೇಟೆಯಿದ್ದರೆ ಯೋಕಿಚ್‌ನಂಥವನ ದರ ಎಲ್ಲಿ ನಿಲ್ಲುತ್ತಿತ್ತೋ ಊಹಿಸಿ. ದುಬಾರಿ ಎನ್ನಿಸುವ ಆ ತಾರೆಗಳೇ ನಿಜವಾಗಿ ಅಗ್ಗಕ್ಕೆ ಹೋಗುತ್ತಿರುವವರು. ಉಳಿದ ಹಣ ಮಧ್ಯದ ಸಾಲಿನ ಆಟಗಾರರಿಗೆ ಹಂಚಿಹೋಗುತ್ತದೆ. ಆಟಗಾರರ ಸಂಘದಲ್ಲಿ ಮತ ಹೆಚ್ಚಿರುವುದು ಅವರದೇ ಅಲ್ಲವೆ?

ಇನ್ನು ಪತ್ರ ಬರೆದವರನ್ನು ಎಲ್ಲಕ್ಕಿಂತ ಕೆರಳಿಸಿದ ಸಂಗತಿಗೆ ಬರುತ್ತೇನೆ: ಗಾಯಗೊಂಡು ಮನೆಯಲ್ಲಿ ಕುಳಿತವನಿಗೂ ಸಂಬಳ. ಟೇಟಮ್‌ನ ಹಿಮ್ಮಡಿಯ ಸ್ನಾಯುರಜ್ಜು 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ವಿರುದ್ಧದ ಪಂದ್ಯದಲ್ಲಿ ಹರಿಯಿತು. ನಾನು ನೇರಪ್ರಸಾರದಲ್ಲಿ ನೋಡುತ್ತಿದ್ದೆ. ಯಾರೂ ತಾಗದೆಯೇ ಬಿದ್ದು ಕಾಲು ಹಿಡಿದುಕೊಂಡ, ಮೊಮ್ಮಗಳು ಮುಖ ತಿರುಗಿಸಿದಳು. ಆ ದೊಡ್ಡ ಕರಾರು ಜಾರಿಗೆ ಬರಬೇಕಾದದ್ದು ಅದರ ಮುಂದಿನ ಸೀಸನ್‌ನಿಂದ. ಬಂತು. ಮೊದಲ ವರ್ಷಕ್ಕೆ 5.4 ಕೋಟಿ ಡಾಲರ್, ಅವನು ಹಾಸಿಗೆಯಲ್ಲಿದ್ದರೂ. ಏಕೆಂದರೆ ಅಲ್ಲಿಯ ಕರಾರು ಖಾತರಿಯ ಕರಾರು. ಇದು ಅನ್ಯಾಯ ಎಂದು ಪತ್ರ ಬರೆದವರಿಗೆ ಅನ್ನಿಸಿದೆ. ನನಗೆ ಅನ್ನಿಸಿದ್ದು ಬೇರೆ.

ನಮ್ಮ ಅಂಗಡಿಯ ಮುಂದೆ ಲಾರಿಗೆ ಚೀಲ ಏರಿಸುತ್ತಿದ್ದ ಹಮಾಲನೊಬ್ಬ ಹಲಗೆಯ ಮೇಲಿಂದ ಜಾರಿ ಸೊಂಟ ಮುರಿದುಕೊಂಡ. ಅಂಗಡಿಯಿಂದ 1,500 ರೂಪಾಯಿ ಕೊಟ್ಟರು. ಅದನ್ನು "ಹಮಾಲಿ ಮುಂಗಡ" ಎಂದು ಖಾತೆಗೆ ಏರಿಸಿದವನು ನಾನು. ನಾಲ್ಕು ತಿಂಗಳ ಮೇಲೆ ಕುಂಟುತ್ತಾ ಬಂದು ಮತ್ತೆ ಚೀಲ ಹೊತ್ತಾಗ, ಚೀಲಕ್ಕೆ ಇಷ್ಟು ಎಂದು ಅದನ್ನು ಕಳೆದುಕೊಂಡೆವು. ಎತ್ತಿದ ಚೀಲಕ್ಕೆ ಕೂಲಿ, ಎತ್ತದ ಚೀಲಕ್ಕೆ ಇಲ್ಲ, ಅದು ಗಂಜ್‌ನ ಕಾನೂನು. ಎನ್‌ಬಿಎಯಲ್ಲೂ ಕೆಳಗಿನ ಮೆಟ್ಟಿಲಲ್ಲಿ ಹತ್ತು ದಿನದ ಕರಾರು ಎಂಬುದೊಂದಿದೆ. ಜನವರಿಯಲ್ಲಿ ಯಾರಾದರೂ ಗಾಯಗೊಂಡರೆ ಕರೆಯುತ್ತಾರೆ, ಹತ್ತು ದಿನ ಆಡಿಸುತ್ತಾರೆ, ಬೇಕಿದ್ದರೆ ಇನ್ನೊಮ್ಮೆ ಹತ್ತು ದಿನ, ಆಮೇಲೆ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಕಳಿಸಬೇಕು. ಇದನ್ನು ಹೇಳಿದಾಗ ಗಂಜ್‌ನ ಗೆಳೆಯನೊಬ್ಬ, "ಹಾಗಾದರೆ ಅಲ್ಲಿಯೂ ನಮ್ಮವರು ಇದ್ದಾರೆ ಕಾಕಾ" ಎಂದ.

ಸ್ವಂತದ್ದೊಂದು ಮಾತು. 1980ರ ದಶಕದಲ್ಲಿ ನಾನೂ ಈ ಆಟ ಆಡಿದವನು. ಆರಡಿ ಒಂದಂಗುಲ ಎತ್ತರ, ಆ ಒಂದಂಗುಲದ ಮೇಲೆ ನನಗೆ ಬಹಳ ಅಭಿಮಾನ. ಕಾಲೇಜಿನ ಅಂಕಣ ಬಿರುಕುಬಿಟ್ಟ ಸಿಮೆಂಟಿನದು, ರಿಂಗಿಗೆ ಬಲೆ ಇರಲಿಲ್ಲ, ಪಂದ್ಯದ ಮುಂಚಿನ ದಿನ ನಾವೇ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಆಗ ನಮ್ಮ ದೇಶದಲ್ಲಿ ಆಟಗಾರನ ಕರಾರು ಎಂದರೆ ಕ್ರೀಡಾ ಕೋಟಾದ ನೌಕರಿ, ಇಂದಿಗೂ ಬಹುಪಾಲು ಅದೇ. ರೈಲ್ವೆ, ಬ್ಯಾಂಕು, ಸೇನೆ. ಬೆಂಗಳೂರಿನ ಒಂದು ಸಂಸ್ಥೆಯ ತಂಡದ ಆಯ್ಕೆಗೆ ಹೋದೆ, ಚೆನ್ನಾಗಿಯೇ ಆಡಿದೆ, "ಆದೇಶ ಬರುತ್ತದೆ, ಊರಿಗೆ ಹೋಗಿರಿ" ಎಂದರು. ಅವರ ಪರವಾಗಿಯೇ ಆಡಿದ ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ತಿರುಚಿತು. ಆದೇಶ ಬರಲಿಲ್ಲ. ವಿಚಾರಿಸಲು ಹೋದಾಗ ಮೇಜಿನ ಆಚೆ ಕುಳಿತವರು, "ಕಾಲು ಸರಿಯಾದ ಮೇಲೆ ನೋಡೋಣ" ಎಂದು ಚಹಾ ಕುಡಿಸಿ ಕಳಿಸಿದರು. ಕೋರ್ಟಿಗೆ ಹೋಗೋಣವೆಂದರೆ ನನ್ನ ಕೈಯಲ್ಲಿ ಚಹಾದ ರುಚಿ ಬಿಟ್ಟು ಬೇರೆ ದಾಖಲೆ ಇರಲಿಲ್ಲ. ಟೇಟಮ್ ಹಾಸಿಗೆಯಲ್ಲಿ ಕುಳಿತು ಸಂಬಳ ಪಡೆದರೆ ನನಗೆ ಹೊಟ್ಟೆ ಉರಿಯುವುದಿಲ್ಲ ಏಕೆಂದು ಈಗ ತಿಳಿಯಬಹುದು.

ಸರಿ, ದುಡ್ಡು ಅವನಿಗೆ ಹೋಗದಿದ್ದರೆ ಮತ್ತಾರಿಗೆ ಹೋಗುತ್ತಿತ್ತು? ಟಿಕೆಟ್ ಅಗ್ಗವಾಗುತ್ತಿತ್ತೇ, ಅಲ್ಲಿಯ ಶಾಲೆಗಳಿಗೆ ಹೋಗುತ್ತಿತ್ತೇ? ಇಲ್ಲ, ಮಾಲೀಕನ ಗಲ್ಲೆಗೆ ಹೋಗುತ್ತಿತ್ತು. 2025ರಲ್ಲಿ ಬಾಸ್ಟನ್ ತಂಡವನ್ನೇ ಮಾರಿದಾಗ ಅದಕ್ಕೆ ಕಟ್ಟಿದ ಬೆಲೆ 610 ಕೋಟಿ ಡಾಲರ್. ಅದರ ಮೇಲೆ ಯಾರೂ ಹರಿಹಾಯಲಿಲ್ಲ. 2025–26ರಿಂದ ಶುರುವಾದ ಟಿವಿ ಒಪ್ಪಂದ 11 ವರ್ಷಕ್ಕೆ 7,600 ಕೋಟಿ ಡಾಲರಿನದು. ಇಂಥ ಆದಾಯದಲ್ಲಿ ಹೆಚ್ಚು ಕಡಿಮೆ ಅರ್ಧ, ನೂರಕ್ಕೆ 49ರಿಂದ 51, ಆಟಗಾರರಿಗೆ ಸೇರಬೇಕೆಂದು ಸಂಘ ಮತ್ತು ಲೀಗ್ ಬರೆದುಕೊಂಡಿವೆ. ಲೆಕ್ಕ ತಪ್ಪದಿರಲಿ ಎಂದು ಸಂಬಳದಲ್ಲಿ ನೂರಕ್ಕೆ ಹತ್ತನ್ನು ಹಿಡಿದು ಬೇರೆ ಖಾತೆಯಲ್ಲಿ ಇಡುತ್ತಾರೆ. ವರ್ಷದ ಕೊನೆಗೆ ಆಟಗಾರರ ಪಾಲು ಮೀರಿದ್ದರೆ ಆ ಹಣದಲ್ಲಿ ಕಳೆಯುತ್ತಾರೆ, ಇಲ್ಲದಿದ್ದರೆ ಮರಳಿಸುತ್ತಾರೆ. ಗುಮಾಸ್ತನಾಗಿ ಹೇಳುತ್ತೇನೆ, ಇಷ್ಟು ಚೊಕ್ಕವಾದ ಏರ್ಪಾಡನ್ನು ನಾನು ಗಂಜ್‌ನಲ್ಲಿ ಕಂಡಿಲ್ಲ.

ಅದು ಆಕಾಶದಿಂದ ಉದುರಿದ್ದೂ ಅಲ್ಲ. 1964ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ತಾರಾ ಆಟಗಾರರ ಪಂದ್ಯ ಟಿವಿಯಲ್ಲಿ ಬರಬೇಕಿತ್ತು. ಪಿಂಚಣಿಯ ಮಾತು ಕೊಡುವವರೆಗೆ ಅಂಕಣಕ್ಕೆ ಇಳಿಯುವುದಿಲ್ಲ ಎಂದು ಎರಡೂ ತಂಡದವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತರು, ಮಾತು ಸಿಕ್ಕಿದ ಮೇಲೆ ಎದ್ದರು. ಸುಗ್ಗಿಯ ಮಧ್ಯದಲ್ಲಿ ಹಮಾಲರು ಕೈಕಟ್ಟಿ ಕುಳಿತ ಬೆಳಗನ್ನು ಕಂಡವರಿಗೆ ಆ ಕೋಣೆಯ ಮೌನ ಅರ್ಥವಾಗುತ್ತದೆ. 1970ರಲ್ಲಿ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ ಹೂಡಿದ ದಾವೆ 1976ರಲ್ಲಿ ಇತ್ಯರ್ಥವಾದ ಮೇಲೆಯೇ ಆಟಗಾರ ತನ್ನ ತಂಡಕ್ಕೆ ಜೀತದಂತೆ ಅಂಟಿಕೊಂಡಿರುವುದು ತಪ್ಪುತ್ತಾ ಬಂತು.

ಈಗ ನಮ್ಮ ಕಡೆ ನೋಡೋಣ. 2024ರ ನವೆಂಬರಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಹರಾಜಾದಾಗ ಎಲ್ಲ ಪತ್ರಿಕೆಗಳಲ್ಲೂ ಮುಖಪುಟ. ಐಪಿಎಲ್‌ನ 2023–27ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿ, ವರ್ಷಕ್ಕೆ 9,678 ಕೋಟಿ. 2025ರಲ್ಲಿ ಹರಾಜಿನ ಹಣ, ಪಂದ್ಯ ಶುಲ್ಕ ಎಲ್ಲ ಸೇರಿ ಒಂದು ತಂಡ ಆಟಗಾರರಿಗೆ ಕೊಡಬಹುದಾದ ಗರಿಷ್ಠ ಮೊತ್ತ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಭಾಗಿಸಿ ನೋಡಿ: ಪ್ರಸಾರದ ಹಣವೊಂದನ್ನೇ ಹಿಡಿದರೂ ರೂಪಾಯಿಗೆ 15 ಪೈಸೆ. ಟಿಕೆಟ್, ಪ್ರಾಯೋಜಕರ ಹಣ ಸೇರಿಸಿದರೆ ಇನ್ನೂ ಕಡಿಮೆ. ಅದೂ ಹರಾಜಿನಲ್ಲಿ! ಆಟಗಾರ ಮನೆಯಲ್ಲಿ ಟಿವಿ ನೋಡುತ್ತಾ ಕುಳಿತಿರುತ್ತಾನೆ, ಯಾವ ಊರಿಗೆ ಹೋಗುತ್ತೇನೆ ಎಂದು ಅವನಿಗೇ ಗೊತ್ತಿಲ್ಲ. ಕರಾರು ಮುಗಿದ ಎನ್‌ಬಿಎ ಆಟಗಾರ ಯಾವ ತಂಡಕ್ಕೆ ಬೇಕಾದರೂ ಹೋಗಿ ಎದುರು ಕುಳಿತು ಮಾತಾಡುತ್ತಾನೆ. ಲಾಟಿಗೆ ನಂಬರು ಬರೆದ ಚೀಟಿ ಚುಚ್ಚುವುದನ್ನು 34 ವರ್ಷ ನೋಡಿದ ನನಗೆ ಆ ಸುತ್ತಿಗೆಯ ಸದ್ದು ಹಿತವಾಗುವುದಿಲ್ಲ. ಕ್ರಿಕೆಟ್ ಪ್ರೇಮಿಗಳು ಕ್ಷಮಿಸಬೇಕು.

ಹೆಣ್ಣುಮಕ್ಕಳ ಲೆಕ್ಕ ತೆಗೆದರೆ ಅಮೆರಿಕದವರೂ ತಲೆ ತಗ್ಗಿಸಬೇಕಾಗುತ್ತದೆ. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ ಅಲ್ಲಿಯ ಮಹಿಳಾ ಲೀಗ್‌ಗೆ ಬಂದಾಗ ಜನ ಟಿಕೆಟ್‌ಗೆ ಮುಗಿಬಿದ್ದರು. ಆಕೆಯ ಮೊದಲ ವರ್ಷದ ಸಂಬಳ 76,535 ಡಾಲರ್. "65 ಲಕ್ಷ ರೂಪಾಯಿ, ಅದೂ ಕಡಿಮೆಯೇ ಮುತ್ಯಾ?" ಎಂದು ಮೊಮ್ಮಗಳು ಕೇಳಿದಳು. ಅವಳೂ ಆಡುತ್ತಾಳೆ. ಹಳೆಯ ಶೂಗಳ ಮುಂಭಾಗ ಬಾಯಿ ಬಿಟ್ಟಿದೆ, ಸೈಕಲ್ ಟ್ಯೂಬಿನ ತುಂಡು ಅಂಟಿಸಿಕೊಂಡಿದ್ದಾಳೆ. 65 ಲಕ್ಷ ಕಡಿಮೆ ಎಂದು ಅವಳಿಗೆ ಹೇಗೆ ಹೇಳಲಿ? ಅವರ ಆಟ ತಂದ ಹಣದಲ್ಲಿ ಅವರ ಪಾಲು ಎಷ್ಟೆಂದು ನೋಡಬೇಕಮ್ಮ ಎಂದೆ. 2025ರ ಜುಲೈನಲ್ಲಿ ಆ ಹುಡುಗಿಯರು, ನಮಗೆ ಕೊಡಬೇಕಾದದ್ದನ್ನು ಕೊಡಿ ಎಂದು ಅಂಗಿಯ ಮೇಲೆ ಬರೆಸಿಕೊಂಡು ತಾರಾ ಪಂದ್ಯದ ಅಂಕಣಕ್ಕೆ ಬಂದರು. ಅದರ ಚಿತ್ರವನ್ನು ಮೊಮ್ಮಗಳು ಮೊಬೈಲ್‌ನಲ್ಲಿ ಉಳಿಸಿಕೊಂಡಿದ್ದಾಳೆ.

ಸಂಪಾದಕರೆ, ನನ್ನದೊಂದು ಬೇಡಿಕೆ ಇದೆ, ಪತ್ರ ಬರೆದದ್ದೂ ಅದಕ್ಕೇ. ನಿಮ್ಮ ಪತ್ರಿಕೆಯ ಮಾರುಕಟ್ಟೆ ಧಾರಣೆಯಲ್ಲಿ ತೊಗರಿಗೆ ಆವಕ ಎಷ್ಟು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು ಎಂದು ಹಾಕುತ್ತೀರಿ. ಗರಿಷ್ಠ ಒಂದನ್ನೇ ಹಾಕಿದರೆ ಮರುದಿನ ಬೆಳಿಗ್ಗೆ ರೈತರು ಬಂದು ನಮ್ಮ ಅಂಗಡಿಯ ಬಾಗಿಲು ಮುರಿಯುತ್ತಿದ್ದರು. ಆಟಗಾರರ ವಿಷಯದಲ್ಲಿ ಮಾತ್ರ ಗರಿಷ್ಠವೇ ಸುದ್ದಿ. 2025–26ರ ಎನ್‌ಬಿಎ ಗರಿಷ್ಠ ಸ್ಟೀಫನ್ ಕರಿಯದು, 5.96 ಕೋಟಿ ಡಾಲರ್. ಹೊಸಬನ ಕನಿಷ್ಠ 12.7 ಲಕ್ಷ ಡಾಲರ್. ನಡುವಿನ ಕಾಲಂ ನಿಮ್ಮ ಕ್ರೀಡಾ ವರದಿಗಾರರು ತುಂಬಲಿ. ಕಬಡ್ಡಿಗೂ ಕ್ರಿಕೆಟ್ಟಿಗೂ ಹಾಗೆಯೇ ಮಾಡಲಿ: ಎಷ್ಟು ವರ್ಷದ ಕರಾರು, ಗಾಯವಾದರೆ ಏನು ಎಂಬುದೂ ಇರಲಿ. ಆವಕದ ಕಾಲಂನಲ್ಲಿ ಲೀಗ್‌ಗೆ ಬಂದ ಹಣವನ್ನು ಬರೆಯಿರಿ. ಜಾಗ ಸಾಲದಿದ್ದರೆ ಹಾರ ಹಾಕಿಕೊಂಡು ನಗುವ ಮಾಲೀಕರ ಫೋಟೊ ಸ್ವಲ್ಪ ಚಿಕ್ಕದು ಮಾಡಿ.

ಇಂತಿ,
ಒಬ್ಬ ನಿವೃತ್ತ ಗುಮಾಸ್ತ
ನೆಹರು ಗಂಜ್, ಕಲಬುರಗಿ